ಒಂದೇ ತಾಯಿಯ ಮಕ್ಕಳು, ಹಲವು ರೂಪ: ಕೊಯಮತ್ತೂರಿನ ಕಬ್ಬಿನ ತೋಟದ ಜಾನಕಿ ಅಮ್ಮಾಳ್



ನವೆಂಬರ್ ಬಂತೆಂದರೆ ನಮಗೆಲ್ಲ ರಾಜ್ಯೋತ್ಸವದ ಸಡಗರ. ಅದೇ ತಿಂಗಳ 4ನೇ ತಾರೀಖು ಇನ್ನೊಬ್ಬ ದೊಡ್ಡವರ ಹುಟ್ಟುಹಬ್ಬವೂ ಹೌದು. ಅವರು ಸಸ್ಯವಿಜ್ಞಾನಿ ಡಾ. ಇ. ಕೆ. ಜಾನಕಿ ಅಮ್ಮಾಳ್. ಅವರ ಮನೆಮಾತು ಮಲಯಾಳ. ಕೆಲಸ ಮಾಡಿದ್ದು ನಮ್ಮ ಕೊಯಮತ್ತೂರಿನಲ್ಲಿ, ಲಂಡನ್ನಿನಲ್ಲಿ, ಅಲಹಾಬಾದಿನಲ್ಲಿ, ಕೊನೆಗೆ ಮದರಾಸಿನಲ್ಲಿ. ಕನ್ನಡದವರಲ್ಲದ ಅವರ ಪರಿಚಯವನ್ನು ನಮ್ಮ ಪುಟದಲ್ಲಿ ಏಕೆ ಹಾಕುತ್ತಿದ್ದೇವೆ ಎಂದು ಕೆಲವರಿಗೆ ಅನಿಸಬಹುದು. ಅದಕ್ಕೆ ಕಾರಣ ನಮ್ಮ ಮನೆಗಳಲ್ಲಿ ದಿನವೂ ಏಳುವ ಒಂದು ಪ್ರಶ್ನೆ.

ಒಂದೇ ತಂದೆ ತಾಯಿಯ ಮಕ್ಕಳಲ್ಲಿ ಅಕ್ಕ ಎಣ್ಣೆಗೆಂಪು, ತಂಗಿ ಅಚ್ಚ ಕಪ್ಪು. ಅಣ್ಣ ಆರಡಿ, ತಮ್ಮ ಐದಡಿಯ ಮೇಲೆ ಬೆಳೆಯಲಿಲ್ಲ. ಒಬ್ಬನ ಕೂದಲು ಗುಂಗುರು, ಇನ್ನೊಬ್ಬನದು ನೇರ. ಮಗು ನೋಡಲು ಬಂದವರು ತೊಟ್ಟಿಲು ಬಗ್ಗಿ ನೋಡಿ, ಇದು ಯಾರ ಹಾಗೆ ಎಂದು ಕೇಳಿಯೇ ಕೇಳುತ್ತಾರೆ. ಆ ಮಾತು ತಮಾಷೆಯಲ್ಲಿ ಮುಗಿದರೆ ಸರಿ. ಎಷ್ಟೋ ಮನೆಗಳಲ್ಲಿ ಅದು ಅಲ್ಲಿಗೆ ಮುಗಿಯುವುದಿಲ್ಲ. ಕಪ್ಪಗೆ ಹುಟ್ಟಿದ ಹೆಣ್ಣುಮಗು ಮದುವೆಯ ವಯಸ್ಸಿನವರೆಗೂ ಆ ಮಾತನ್ನು ಕೇಳುತ್ತಲೇ ಬೆಳೆಯುತ್ತದೆ. ಹೆತ್ತ ತಾಯಿ ಬಸುರಿನಲ್ಲಿ ಕೇಸರಿ ಹಾಲು ಕುಡಿಯಲಿಲ್ಲ ಎಂಬ ದೂರು ಬರುತ್ತದೆ. ಕೆಲವೊಮ್ಮೆ ಅದಕ್ಕಿಂತ ಕೆಟ್ಟ ಅನುಮಾನವೂ ಬರುತ್ತದೆ.

ಈ ಪ್ರಶ್ನೆಗೆ ಸರಿಯಾದ ಉತ್ತರ ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಕಬ್ಬಿನ ತೋಟದಲ್ಲಿದೆ. ಆ ತೋಟದಲ್ಲಿ ಐದು ವರ್ಷ ಕೂತು ಕಬ್ಬಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಜಾನಕಿ ಅಮ್ಮಾಳ್.

ತುಂಬಿದ ಮನೆಯ ಮಗಳು

ಜಾನಕಿ ಹುಟ್ಟಿದ್ದು 1897ರ ನವೆಂಬರ್ 4ರಂದು, ಉತ್ತರ ಮಲಬಾರಿನ ತಲಶ್ಶೇರಿಯಲ್ಲಿ. ಆಗ ಅದು ನಮ್ಮ ಕೊಯಮತ್ತೂರಿನಂತೆಯೇ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ತಂದೆ ದಿವಾನ್ ಬಹದ್ದೂರ್ ಇ. ಕೆ. ಕೃಷ್ಣನ್ ಸಬ್ ಜಡ್ಜ್ ಆಗಿದ್ದವರು. ಹಕ್ಕಿಗಳು, ಗಿಡಮರಗಳು ಎಂದರೆ ಅವರಿಗೆ ಬಹಳ ಪ್ರೀತಿ. ಮನೆಯ ತೋಟವನ್ನು ಮುತುವರ್ಜಿಯಿಂದ ಬೆಳೆಸಿದ್ದರು. ಅವರಿಗೆ ಇಬ್ಬರು ಹೆಂಡತಿಯರಿಂದ ಒಟ್ಟು 19 ಮಕ್ಕಳು. ಎರಡನೆಯ ಹೆಂಡತಿ ದೇವಿಯವರ 13 ಮಕ್ಕಳಲ್ಲಿ ಜಾನಕಿ ಹತ್ತನೆಯವರು.

ತಾಯಿ ದೇವಿಯವರ ಹಿನ್ನೆಲೆಯನ್ನು ಇಲ್ಲಿ ಹೇಳಲೇಬೇಕು. ದೇವಿಯವರ ತಂದೆ ಜಾನ್ ಚೈಲ್ಡ್ ಹ್ಯಾನಿಂಗ್ಟನ್ ಎಂಬ ಇಂಗ್ಲಿಷ್ ಅಧಿಕಾರಿ, ತಿರುವಾಂಕೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವರು. ತಾಯಿ ಮಲಬಾರಿನ ತೀಯ ಸಮುದಾಯದ ಹೆಂಗಸು. ಅಂದಿನ ಸಮಾಜ ಇಂಥ ಸಂಬಂಧವನ್ನೂ ಅದರಿಂದ ಹುಟ್ಟಿದ ಮಕ್ಕಳನ್ನೂ ಹೇಗೆ ನೋಡುತ್ತಿತ್ತು ಎಂಬುದನ್ನು ನಾವು ಬಿಡಿಸಿ ಹೇಳಬೇಕಿಲ್ಲ. ತೀಯರನ್ನು ಮೇಲ್ಜಾತಿಯವರು ಕೀಳಾಗಿ ಕಾಣುತ್ತಿದ್ದ ಕಾಲ ಅದು. ಹೀಗೆ ಎರಡು ಖಂಡಗಳ ರಕ್ತ ಬೆರೆತ ಮನೆಯಲ್ಲಿ, ಹತ್ತಾರು ಒಡಹುಟ್ಟಿದವರ ನಡುವೆ ಜಾನಕಿ ಬೆಳೆದರು. ಯಾವ ಗುಣ ಯಾವ ಅಜ್ಜ ಅಜ್ಜಿಯಿಂದ ಯಾವ ಮೊಮ್ಮಗುವಿಗೆ ಇಳಿಯುತ್ತದೆ ಎಂಬುದು ಆ ಮನೆಯಲ್ಲಿ ದಿನನಿತ್ಯದ ವಿಷಯವಾಗಿತ್ತು ಎಂದು ಊಹಿಸಿದರೆ ತಪ್ಪಾಗಲಾರದು.

ತಲಶ್ಶೇರಿಯಲ್ಲಿ ಶಾಲೆ ಮುಗಿಸಿ ಮದರಾಸಿಗೆ ಬಂದ ಜಾನಕಿ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿ, 1921ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಸಸ್ಯಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದರು. ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿದರು. ಅವರ ಅಕ್ಕಂದಿರು ಮದುವೆಯಾಗಿ ಸಂಸಾರ ಹೂಡಿದರು. ಜಾನಕಿ ಓದನ್ನೇ ಆರಿಸಿಕೊಂಡರು, ಕೊನೆಯವರೆಗೂ ಮದುವೆಯಾಗಲಿಲ್ಲ. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇದ್ದ ಬಾರ್ಬೋರ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಎಂಎಸ್ಸಿ ಮುಗಿಸಿ ಬಂದು ಮತ್ತೆ ಪಾಠ ಹೇಳಿದರು, ಮತ್ತೆ ಅಲ್ಲಿಗೇ ಹೋಗಿ 1931ರಲ್ಲಿ ಡಿಎಸ್ಸಿ ಪದವಿ ಪಡೆದರು. ಹಿಂದಿರುಗಿ ತಿರುವನಂತಪುರದ ಮಹಾರಾಜಾ ವಿಜ್ಞಾನ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1934ರಲ್ಲಿ ಕೊಯಮತ್ತೂರಿಗೆ ಬಂದರು.

ಕಬ್ಬಿನ ಅಕ್ಕತಂಗಿಯರು

ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆ ಶುರುವಾದದ್ದು 1912ರಲ್ಲಿ. ಕಬ್ಬು ಬೆಳೆದವರಿಗೆಲ್ಲ ಗೊತ್ತಿರುವ ಹಾಗೆ, ನಾವು ಕಬ್ಬನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ಗೆಣ್ಣಿರುವ ತುಂಡು ನೆಡುತ್ತೇವೆ. ಆ ತುಂಡಿನಿಂದ ಬಂದ ಕಬ್ಬು ತಾಯಿ ಕಬ್ಬಿನ ತದ್ರೂಪ. ಹೊಲದ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಜಲ್ಲೆಗಳೂ ಒಂದೇ ಬಣ್ಣ, ಒಂದೇ ದಪ್ಪ, ಒಂದೇ ಸಿಹಿ. ಹೊಸ ತಳಿ ಬೇಕಾದರೆ ಮಾತ್ರ ಬೀಜಕ್ಕೆ ಹೋಗಬೇಕು. ಉತ್ತರ ಭಾರತದ ಚಳಿ ಸೀಮೆಯಲ್ಲಿ ಕಬ್ಬು ಹೂ ಬಿಟ್ಟು ಒಳ್ಳೆಯ ಬೀಜ ಕಟ್ಟುವುದು ಅಪರೂಪ. ನಮ್ಮ ಕೊಯಮತ್ತೂರಿನ ಹವೆಯಲ್ಲಿ ಅದು ಧಾರಾಳವಾಗಿ ಸೂಲಂಗಿ ಬಿಡುತ್ತದೆ. ಸಂಸ್ಥೆಯನ್ನು ಇಲ್ಲಿ ಕಟ್ಟಿದ್ದಕ್ಕೆ ಇದೇ ಮುಖ್ಯ ಕಾರಣ.

ಸೂಲಂಗಿಯ ಬೀಜ ಬಿತ್ತಿದರೆ ಆಗುವುದು ಬೇರೆಯೇ ಕಥೆ. ಒಂದೇ ತಂದೆ, ಒಂದೇ ತಾಯಿ, ಒಂದೇ ಸೂಲಂಗಿ. ಹುಟ್ಟಿದ ಸಸಿಗಳು ಮಾತ್ರ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದು ದಪ್ಪ, ಒಂದು ಕಡ್ಡಿಯ ಹಾಗೆ ಸಣ್ಣ. ಒಂದು ಹಸಿರು, ಇನ್ನೊಂದು ನೇರಳೆ. ಒಂದರಲ್ಲಿ ರಸ ತುಂಬಿದೆ, ಪಕ್ಕದ್ದು ಬರೀ ನಾರು. ತಳಿ ಬೆಳೆಸುವವರು ಇಂಥ ಸಾವಿರಾರು ಸಸಿಗಳನ್ನು ನೋಡಿ ನೋಡಿ ಬಿಸಾಡಿ, ಕೊನೆಗೆ ಒಂದೋ ಎರಡೋ ಉಳಿಸಿಕೊಳ್ಳುತ್ತಾರೆ. ಒಡಹುಟ್ಟಿದ ಸಸಿಗಳೆಲ್ಲ ಒಂದೇ ರೀತಿ ಇದ್ದಿದ್ದರೆ ಆರಿಸುವುದಕ್ಕೆ ಏನೂ ಇರುತ್ತಿರಲಿಲ್ಲ, ಹೊಸ ತಳಿ ಎಂಬುದೇ ಹುಟ್ಟುತ್ತಿರಲಿಲ್ಲ.

ಸಂಸ್ಥೆಯ ಮೊದಲ ಹೆಸರುವಾಸಿ ತಳಿ ಕೋ 205 ಹುಟ್ಟಿದ್ದು ಹೀಗೆಯೇ. ಸಿಹಿಯಾದ ದಪ್ಪ ವೆಳ್ಳೈ ಕಬ್ಬಿಗೆ ಹೊಳೆದಂಡೆಯ ಕಾಡುಕಬ್ಬಿನ ಪರಾಗ ಸೇರಿಸಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅದನ್ನು ಪಡೆದರು. 1918ರಲ್ಲಿ ಅದು ಪಂಜಾಬಿನ ರೈತರ ಕೈ ಸೇರಿತು. ಮುಂದೆ ಇದೇ ತೋಟದಲ್ಲಿ ಜಾವಾದ ಪಿಓಜೆ 2878 ಮತ್ತು ಕೋ 290 ತಳಿಗಳ ಸಂಬಂಧದಿಂದ ಕೋ 419 ಬಂತು. ಮಂಡ್ಯದ ಕಡೆ ನೆಂಟರಿರುವ ನಮ್ಮವರಿಗೆ ಈ ಹೆಸರು ಪರಿಚಯವೇ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ, ಆ ಸೀಮೆಯ ಗದ್ದೆಗಳಲ್ಲಿ ಬಹಳ ಕಾಲ ಬೆಳೆದದ್ದು ನಮ್ಮ ಕೊಯಮತ್ತೂರಿನಲ್ಲಿ ಹುಟ್ಟಿದ ಈ ಕಬ್ಬು.

ಒಡಹುಟ್ಟಿದ ಸಸಿಗಳು ಏಕೆ ಬೇರೆ ಬೇರೆ ಎಂಬುದನ್ನು ಜೀವಕೋಶದ ಒಳಗೆ ಹೊಕ್ಕು ನೋಡುವುದು ಜಾನಕಿಯವರ ಕೆಲಸವಾಗಿತ್ತು. ಪ್ರತಿ ಜೀವಕೋಶದೊಳಗೆ ದಾರದ ತುಂಡುಗಳಂಥ ವರ್ಣತಂತುಗಳಿರುತ್ತವೆ. ತಂದೆ ತಾಯಿಯ ಗುಣಗಳನ್ನು ಮಕ್ಕಳಿಗೆ ದಾಟಿಸುವ ವಂಶವಾಹಿಗಳು ಅವುಗಳ ಮೇಲಿವೆ. ಸಿಹಿ ಕಬ್ಬಿನಲ್ಲಿ 80 ವರ್ಣತಂತುಗಳಿದ್ದರೆ, ಕಾಡುಕಬ್ಬಿನಲ್ಲಿ ಊರಿಂದೂರಿಗೆ 40ರಿಂದ 128ರವರೆಗೂ ವ್ಯತ್ಯಾಸವಿದೆ. ಇಂಥ ಗೋಜಲನ್ನು ಒಂದೊಂದಾಗಿ ಎಣಿಸಿ ಬಿಡಿಸುವುದಕ್ಕೆ ಎಷ್ಟು ತಾಳ್ಮೆ ಬೇಕೆಂದು ಯೋಚಿಸಿ. ಮನುಷ್ಯನಲ್ಲಿರುವುದು 46 ಎಂಬ ಸರಿಯಾದ ಲೆಕ್ಕ ಸಿಕ್ಕಿದ್ದು 1956ರಲ್ಲಿ. ಜಾನಕಿ ಇಲ್ಲಿ ಕಬ್ಬಿನ ಲೆಕ್ಕ ಹಾಕುತ್ತಿದ್ದಾಗ ಪ್ರಪಂಚದ ಪುಸ್ತಕಗಳೆಲ್ಲ ಮನುಷ್ಯನಲ್ಲಿ 48 ಎಂದು ಬರೆಯುತ್ತಿದ್ದವು. ಅವರು ಕಬ್ಬನ್ನು ಅದರ ದೂರದ ನೆಂಟರಾದ ಹುಲ್ಲುಗಳ ಜೊತೆಗೂ, ಮುಸುಕಿನ ಜೋಳದ ಜೊತೆಗೂ ಸಂಕರಗೊಳಿಸಿದರು. ಕಬ್ಬು ಮತ್ತು ಜೋಳದ ಆ ಸಂಕರದ ವರದಿ 1938ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೂ ಮೊದಲೇ, 1935ರಲ್ಲಿ, ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಅವರನ್ನು ಫೆಲೋ ಆಗಿ ಆರಿಸಿತ್ತು.

ನಮ್ಮ ಮನೆಯ ಲೆಕ್ಕ

ಕಬ್ಬಿನ ಮಾತು ಮನುಷ್ಯರಿಗೆ ಹೇಗೆ ಹೊಂದುತ್ತದೆ? ಮೂಲ ನಿಯಮ ಒಂದೇ. ನಮ್ಮಲ್ಲಿ 23 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ನಮ್ಮ ತಂದೆಯಿಂದ ಬಂದದ್ದು, ಒಂದು ತಾಯಿಯಿಂದ. ನಾವು ಮಗುವಿಗೆ ಕೊಡುವಾಗ ಪ್ರತಿ ಜೋಡಿಯಿಂದ ಒಂದನ್ನು ಮಾತ್ರ ಕೊಡುತ್ತೇವೆ. ಯಾವುದನ್ನು ಎಂಬುದು ನಮ್ಮ ಕೈಯಲ್ಲಿಲ್ಲ. ಹೀಗೆ ಒಬ್ಬ ತಾಯಿ ಕೊಡಬಹುದಾದ ಬೇರೆ ಬೇರೆ ಕಟ್ಟುಗಳು ಸುಮಾರು 84 ಲಕ್ಷ. ತಂದೆಯದೂ ಅಷ್ಟೇ. ಎರಡೂ ಸೇರಿದರೆ ಒಂದು ದಂಪತಿಗೆ ಹುಟ್ಟಬಹುದಾದ ಬೇರೆ ಬೇರೆ ಮಕ್ಕಳ ಲೆಕ್ಕ ಸುಮಾರು 70 ಲಕ್ಷ ಕೋಟಿ. ಇದರ ಮೇಲೆ, ಜೋಡಿಯ ಎರಡು ತಂತುಗಳು ಕೊಡುವ ಮುಂಚೆ ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅದನ್ನೂ ಸೇರಿಸಿದರೆ ಲೆಕ್ಕಕ್ಕೆ ಕೊನೆಯಿಲ್ಲ.

ನಮ್ಮಲ್ಲಿ ಅನೇಕರು ನೇಕಾರರ ಮನೆಯವರು. ಅವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆಯಲ್ಲಿರುವ ನೂಲಿನ ರಾಶಿ ಒಂದೇ. ಹಾಸಿಗೆ ಯಾವ ಎಳೆ ಬಂತು, ಹೊಕ್ಕಿಗೆ ಯಾವ ಎಳೆ ಬಂತು ಎಂಬುದರ ಮೇಲೆ ಸೀರೆಯ ಬಣ್ಣ ನಿಲ್ಲುತ್ತದೆ. ಒಂದೇ ಮಗ್ಗದಿಂದ ಇಳಿದ ಎರಡು ಸೀರೆ ಬೇರೆ ಬಣ್ಣದ್ದಾದರೆ ನೂಲು ಹೊರಗಿನಿಂದ ಬಂತೆಂದು ಯಾರೂ ಹೇಳುವುದಿಲ್ಲ.

ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಹಂಚಿಕೆಯಾಗಿರುತ್ತದೆ. ಅದು ಸರಾಸರಿ ಲೆಕ್ಕ. ಸಾವಿರಾರು ಒಡಹುಟ್ಟಿದ ಜೋಡಿಗಳನ್ನು ಅಳೆದು ನೋಡಿದಾಗ ನೂರಕ್ಕೆ 37ರಷ್ಟು ಕಡಿಮೆ ಹಂಚಿಕೊಂಡವರೂ ಸಿಕ್ಕಿದ್ದಾರೆ, 61ರಷ್ಟು ಹೆಚ್ಚು ಹಂಚಿಕೊಂಡವರೂ ಸಿಕ್ಕಿದ್ದಾರೆ. ಹಾಗೆಯೇ ಒಬ್ಬ ಅಜ್ಜನ ಪಾಲು ಎಲ್ಲ ಮೊಮ್ಮಕ್ಕಳಿಗೂ ಸರಿಯಾಗಿ ಕಾಲುಭಾಗ ಬರುವುದಿಲ್ಲ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ. ಜಾನಕಿಯವರ ತಾಯಿಯ ಮಕ್ಕಳಿಗೂ ಇಂಗ್ಲಿಷ್ ಅಜ್ಜನ ಪಾಲು ಹೀಗೆ ಹೆಚ್ಚುಕಡಿಮೆಯಾಗಿಯೇ ಬಂದಿರಬೇಕು.

ಚರ್ಮದ ಬಣ್ಣವನ್ನೇ ತೆಗೆದುಕೊಳ್ಳೋಣ. ಅದನ್ನು ಒಂದೇ ವಂಶವಾಹಿ ತೀರ್ಮಾನಿಸುವುದಿಲ್ಲ, ಹಲವು ಸೇರಿ ತೀರ್ಮಾನಿಸುತ್ತವೆ. ಲೆಕ್ಕ ಸುಲಭವಾಗಲೆಂದು ಐದು ಎಂದು ಇಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಮಧ್ಯಮ ಬಣ್ಣದವರು, ಐದರಲ್ಲೂ ಒಂದೊಂದು ಗಾಢ, ಒಂದೊಂದು ತಿಳಿ ರೂಪ ಹೊತ್ತವರು. ಮಗುವಿಗೆ ತಂದೆಯಿಂದ ಐದು, ತಾಯಿಯಿಂದ ಐದು, ಒಟ್ಟು ಹತ್ತು ಬರುತ್ತವೆ. ಇದು ಹತ್ತು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದ ಹಾಗೆ. ಐದು ಗಾಢ, ಐದು ತಿಳಿ ಸರಿಸಮವಾಗಿ ಬರುವುದು ನಾಲ್ಕರಲ್ಲಿ ಒಂದು ಸಲ ಮಾತ್ರ. ಹತ್ತರಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಒಂದೇ ಕಡೆಗೆ ಬೀಳುವುದು ನೂರಕ್ಕೆ ಸುಮಾರು 11 ಸಲ. ಅಂದರೆ ಅದೇ ದಂಪತಿಗೆ ತಮ್ಮಿಬ್ಬರಿಗಿಂತ ಬಹಳ ಕಪ್ಪಾದ ಮಗುವೂ ಹುಟ್ಟಬಹುದು, ಬಹಳ ಬೆಳ್ಳಗಿನ ಮಗುವೂ ಹುಟ್ಟಬಹುದು. ಇದರಲ್ಲಿ ಆಶ್ಚರ್ಯವೂ ಇಲ್ಲ, ಯಾರ ತಪ್ಪೂ ಇಲ್ಲ.

ಇನ್ನೊಂದು ವಿಷಯವೂ ಇದೆ. ಕೆಲವು ಗುಣಗಳು ಎರಡೂ ಕಡೆಯಿಂದ ಬಂದಾಗ ಮಾತ್ರ ಹೊರಗೆ ಕಾಣುತ್ತವೆ. ಒಂದೇ ಕಡೆಯಿಂದ ಬಂದರೆ ಒಳಗೇ ಅಡಗಿ ಕೂತಿರುತ್ತವೆ. ಅಡಗಿದ ಗುಣವನ್ನು ತಂದೆ ತಾಯಿ ಇಬ್ಬರೂ ಹೊತ್ತಿದ್ದರೆ, ಪ್ರತಿ ಮಗುವಿನಲ್ಲೂ ಅದು ಕಾಣಿಸಿಕೊಳ್ಳುವ ಸಂಭವ ನಾಲ್ಕರಲ್ಲಿ ಒಂದು. ಮುತ್ತಜ್ಜಿಯ ಬೆಕ್ಕಿನ ಕಣ್ಣು ಎರಡು ತಲೆಮಾರು ಕಾಣದೆ ಇದ್ದು ಮರಿಮಗಳಲ್ಲಿ ದಿಢೀರನೆ ಕಾಣುವುದಕ್ಕೆ ಇದೂ ಒಂದು ಕಾರಣ. ಬಿಸಿಲು, ಊಟ, ಕಾಯಿಲೆಗಳೂ ತಮ್ಮ ಪಾಲಿನ ವ್ಯತ್ಯಾಸ ಸೇರಿಸುತ್ತವೆ. ಬಸುರಿನಲ್ಲಿ ಕುಡಿದ ಕೇಸರಿ ಹಾಲು ಮಾತ್ರ ಮಗುವಿನ ಮೈಬಣ್ಣ ಬದಲಿಸುವುದಿಲ್ಲ.

ಒಂದೇ ಭ್ರೂಣ ಒಡೆದು ಹುಟ್ಟಿದ ತದ್ರೂಪಿ ಅವಳಿಗಳು ನೆಟ್ಟ ತುಂಡಿನಿಂದ ಬಂದ ಕಬ್ಬಿನ ಹಾಗೆ. ಉಳಿದ ಅಣ್ಣತಮ್ಮ, ಅಕ್ಕತಂಗಿಯರೆಲ್ಲ ಸೂಲಂಗಿಯ ಬೀಜದ ಸಸಿಗಳು.

ಯುದ್ಧದ ನಡುವೆ

ಜಾನಕಿಯವರಿಗೆ ಕೊಯಮತ್ತೂರಿನ ವರ್ಷಗಳು ಸುಲಭದವಾಗಿರಲಿಲ್ಲ. ಒಂಟಿ ಹೆಣ್ಣು, ಅದರ ಮೇಲೆ ಹಿಂದುಳಿದದ್ದೆಂದು ಎಣಿಸಿದ ಜಾತಿ. ಗಂಡಸರೇ ತುಂಬಿದ್ದ ಅಂದಿನ ವಿಜ್ಞಾನದ ಲೋಕದಲ್ಲಿ ಅವರು ಪಟ್ಟ ಪಾಡನ್ನು ಅವರ ಬದುಕನ್ನು ಅಧ್ಯಯನ ಮಾಡಿದವರು ಬರೆದಿಟ್ಟಿದ್ದಾರೆ. ಗಿಡಗಳ ವ್ಯತ್ಯಾಸವನ್ನು ಸಂಪತ್ತು ಎಂದು ಕಂಡ ವಿಜ್ಞಾನದ ನಡುವೆಯೇ ಮನುಷ್ಯರ ವ್ಯತ್ಯಾಸವನ್ನು ಮೇಲುಕೀಳು ಎಂದು ಕಾಣುವ ಮನಸ್ಸು ಉಳಿದಿತ್ತು.

1939ರ ಆಗಸ್ಟ್‌ನಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನಕ್ಕೆ ಅವರು ಹೋದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಅವರು ಅಲ್ಲೇ ಉಳಿದು, 1940ರಿಂದ 1945ರವರೆಗೆ ಲಂಡನ್ನಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ರಾತ್ರಿ ಬಾಂಬು ಬಿದ್ದರೆ ಮಂಚದ ಕೆಳಗೆ ಅಡಗುವುದು, ಬೆಳಿಗ್ಗೆ ಗಾಜಿನ ಚೂರು ಗುಡಿಸಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂರುವುದು. ಹೀಗೆ ನಡೆದ ಕೆಲಸದ ಫಲವಾಗಿ, ಸಿ. ಡಿ. ಡಾರ್ಲಿಂಗ್ಟನ್ ಅವರೊಡನೆ ಸೇರಿ ಬರೆದ, ಬೇಸಾಯದ ಗಿಡಗಳ ವರ್ಣತಂತುಗಳ ಕೋಶ 1945ರಲ್ಲಿ ಹೊರಬಂತು. ನಂತರ ವಿಸ್ಲಿಯ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೋಟಕ್ಕೆ ಹೋದರು. ಅಲ್ಲಿ ಅವರು ಮದ್ದು ಹಾಕಿ ಮ್ಯಾಗ್ನೋಲಿಯ ಸಸಿಗಳ ವರ್ಣತಂತುಗಳನ್ನು ದ್ವಿಗುಣಗೊಳಿಸಿದರು. ಆ ಮರಗಳಲ್ಲಿ ಒಂದು ಬಗೆಗೆ ಅವರದೇ ಹೆಸರಿದೆ.

ಮರಳಿ ನಾಡಿಗೆ

ಪ್ರಧಾನಿ ಜವಾಹರಲಾಲ್ ನೆಹರೂ ಅವರ ಕರೆಯ ಮೇಲೆ 1951ರಲ್ಲಿ ಅವರು ಭಾರತಕ್ಕೆ ಮರಳಿದರು. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯನ್ನು ಹೊಸದಾಗಿ ಕಟ್ಟುವ ಹೊಣೆ ಅವರ ಮೇಲೆ ಬಿತ್ತು. ಅಲಹಾಬಾದಿನ ಕೇಂದ್ರ ಸಸ್ಯಶಾಸ್ತ್ರ ಪ್ರಯೋಗಾಲಯವನ್ನು ನಡೆಸಿದರು, ಜಮ್ಮುವಿನಲ್ಲಿ ಕೆಲಸ ಮಾಡಿದರು. 1970ರಲ್ಲಿ ಮದರಾಸಿಗೆ ಬಂದು ನೆಲೆಸಿ, ವಿಶ್ವವಿದ್ಯಾಲಯದ ಮಧುರವಾಯಲ್ ಪ್ರಯೋಗಾಲಯದಲ್ಲಿ ಔಷಧಿ ಗಿಡಗಳನ್ನು ಬೆಳೆಸುತ್ತ ಸಂಶೋಧನೆ ಮುಂದುವರಿಸಿದರು. 1977ರಲ್ಲಿ ಪದ್ಮಶ್ರೀ ಬಂತು.

ಎಂಬತ್ತರ ವಯಸ್ಸಿನಲ್ಲೂ ಅವರು ಸುಮ್ಮನೆ ಕೂರಲಿಲ್ಲ. ನಮ್ಮ ಭವಾನಿ ಹೊಳೆ ಹರಿದು ಬರುವ ಅಟ್ಟಪ್ಪಾಡಿಯ ಪಕ್ಕದಲ್ಲೇ ಸೈಲೆಂಟ್ ವ್ಯಾಲಿಯ ಕಾಡಿದೆ. ಅಲ್ಲಿ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅದನ್ನು ವಿರೋಧಿಸಿದವರಲ್ಲಿ ಜಾನಕಿಯವರೂ ಒಬ್ಬರು. ಬಗೆಬಗೆಯ ಗಿಡಗಳಿರುವ ಕಾಡು ಒಮ್ಮೆ ಮುಳುಗಿದರೆ ಆ ವೈವಿಧ್ಯ ಮತ್ತೆ ಹುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 1984ರ ಫೆಬ್ರವರಿ 7ರಂದು ಮಧುರವಾಯಲ್‌ನಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು. ಕೊಡೈಕನಾಲಿನ ಗುಲಾಬಿ ತಳಿಗಾರ ದಂಪತಿ ಗಿರಿಜಾ ಮತ್ತು ವೀರು ವೀರರಾಘವನ್ ಇತ್ತೀಚೆಗೆ ತಮ್ಮ ಒಂದು ಹೊಸ ಗುಲಾಬಿಗೆ ಜಾನಕಿ ಅಮ್ಮಾಳ್ ಹೆಸರಿಟ್ಟಿದ್ದಾರೆ.

ಬಂಧುಗಳೇ, ಇಂಥವರ ಬದುಕನ್ನು ಓದಿ ಪುಣ್ಯಾತ್ಮರು ಎಂದು ಕೈ ಮುಗಿದರೆ ಸಾಲದು. ಅವರು ಕಂಡುಕೊಂಡ ತಿಳಿವಳಿಕೆ ನಮ್ಮ ನಡೆಯಲ್ಲಿ ಸ್ವಲ್ಪವಾದರೂ ಕಾಣಬೇಕು. ಮಗು ನೋಡಲು ಹೋದಾಗ ಬಣ್ಣದ ಮಾತು ಎತ್ತುವುದನ್ನು ಬಿಡೋಣ. ಅಕ್ಕನ ಮುಂದೆ ತಂಗಿಯನ್ನು ನಿಲ್ಲಿಸಿ ಹೋಲಿಸುವುದನ್ನು ಬಿಡೋಣ. ಹೆಣ್ಣು ನೋಡಲು ಹೋದ ಹಿರಿಯರು ಬಣ್ಣವನ್ನು ಅಳೆಯುವ ಮೊದಲು, ಆ ಹುಡುಗಿಯ ಒಳಗೆ ಯಾವ ಯಾವ ಮುತ್ತಜ್ಜಿಯರ ಪಾಲು ಇದೆಯೋ ಎಂದು ಯೋಚಿಸಲಿ. ಮೈಬಣ್ಣ ನೋಡಿ ಹೆತ್ತವಳ ಮೇಲೆ ಅನುಮಾನ ಪಡುವ ಮಾತು ಯಾರಾದರೂ ಆಡಿದರೆ, ಅದು ತಪ್ಪು ಎಂದು ಅಲ್ಲೇ ಹೇಳುವ ಧೈರ್ಯ ನಮಗಿರಲಿ. ಮೈಬಣ್ಣದಿಂದ ತಂದೆ ಯಾರೆಂದು ಹೇಳಲು ಯಾವ ವಿಜ್ಞಾನಿಗೂ ಆಗುವುದಿಲ್ಲ.

ಈ ನವೆಂಬರ್ 4ರಂದು ಮನೆಯ ಮಕ್ಕಳನ್ನು ಕೂರಿಸಿಕೊಂಡು ಜಾನಕಿ ಅಮ್ಮಾಳ್ ಅವರ ಕಥೆ ಹೇಳಿ. ಹಳೆಯ ಆಲ್ಬಮ್ ಇದ್ದರೆ ತೆಗೆದು, ಯಾರ ಮೂಗು ಯಾರಿಗೆ ಬಂದಿದೆ, ಯಾರ ಗುಂಗುರು ಕೂದಲು ಎಲ್ಲಿ ಇಳಿದಿದೆ ಎಂದು ಹುಡುಕಿಸಿ. ಎಲ್ಲರಿಗಿಂತ ಬೇರೆಯಾಗಿ ಕಾಣುವ ಮಗುವಿಗೆ, ಅದೂ ಇದೇ ಮನೆಯ ನೂಲು ಎಂಬುದನ್ನು ಮರೆಯದೆ ತಿಳಿಸಿ.